ಕುಂಡದ ಪೈನಿಗೊಂದು ಬೆಳಕಿನ ಪಂಚಾಂಗ

ಡಿಸೆಂಬರ್ ಬಂತೆಂದರೆ ಬೆಳಗಾವಿಯ ನರ್ಸರಿಗಳಲ್ಲಿ ಒಂದು ಗಿಡಕ್ಕೆ ಬೇಡಿಕೆ ಹೆಚ್ಚು. ಎರಡು ಮೂರು ಅಡಿ ಎತ್ತರ, ಅಂತಸ್ತು ಅಂತಸ್ತಾಗಿ ಸುತ್ತಲೂ ಚಾಚಿದ ಕೊಂಬೆಗಳು, ತುದಿಯಲ್ಲಿ ದೇವಸ್ಥಾನದ ಕಳಸದಂತಹ ಚಿಗುರು. 'ಕ್ರಿಸ್‌ಮಸ್ ಟ್ರೀ' ಎಂದು ಕೇಳಿದರೂ ಅದನ್ನೇ ಕೊಡುತ್ತಾರೆ, 'ಪೈನ್' ಎಂದು ಕೇಳಿದರೂ ಅದನ್ನೇ ಕೊಡುತ್ತಾರೆ. ಹಬ್ಬ ಯಾರದೇ ಇರಲಿ, ಮಕ್ಕಳಿಗೆ ಗಿಡದ ಮೇಲೆ ಆಸೆ. "ತಂದುಕೊಡುತ್ತೇವೆ, ಆದರೆ ದಿನಾ ನೀರು ಹಾಕುವುದು ನಿನ್ನ ಜವಾಬ್ದಾರಿ" ಎಂಬ ಕರಾರಿನೊಂದಿಗೆ ಗಿಡ ಮನೆಗೆ ಬರುತ್ತದೆ. ಪಡಸಾಲೆಯ ಮೂಲೆಯಲ್ಲಿ, ಟೀವಿಯ ಪಕ್ಕದಲ್ಲಿ, ಬಂದವರ ಕಣ್ಣಿಗೆ ಬೀಳುವಂತೆ ಅದರ ಸ್ಥಾಪನೆಯಾಗುತ್ತದೆ.

ಮುಂದಿನ ಕಥೆ ಹಲವು ಮನೆಗಳಲ್ಲಿ ಒಂದೇ. ಸಂಕ್ರಾಂತಿಯವರೆಗೆ ಗಿಡ ಹಚ್ಚಹಸಿರು. ಯುಗಾದಿಯ ಹೊತ್ತಿಗೆ ಕೆಳಗಿನ ಕೊಂಬೆಗಳು ಹಳದಿಗೆ ತಿರುಗುತ್ತವೆ. "ಸರಿಯಾಗಿ ನೀರು ಹಾಕಿಲ್ಲ" ಎಂದು ಮಗುವಿಗೆ ಬೈಗುಳ. ಹೆದರಿದ ಮಗು ಒಂದು ತಂಬಿಗೆಯ ಬದಲು ಎರಡು ತಂಬಿಗೆ ಸುರಿಯುತ್ತದೆ. ನಾಗರ ಪಂಚಮಿಯ ಹೊತ್ತಿಗೆ ಕುಂಡದಲ್ಲಿ ಉಳಿಯುವುದು ಒಂದು ಒಣಕೋಲು.

ಈ ಪ್ರಕರಣದಲ್ಲಿ ಅಪರಾಧಿ ಮಗುವಲ್ಲ. ಗಿಡ ಸತ್ತದ್ದು ಬಾಯಾರಿಕೆಯಿಂದಲ್ಲ, ಹಸಿವಿನಿಂದ. ಗಿಡದ ಊಟವೆಂದರೆ ಬೆಳಕು. ಆ ಊಟವನ್ನು ತಪ್ಪಿಸಿದವರು ಕುಂಡವನ್ನು ಎಲ್ಲಿಡಬೇಕೆಂದು ತೀರ್ಮಾನಿಸಿದ ಹಿರಿಯರು.

ಮೂರು ಮರ, ಒಂದೇ ಹೆಸರು

ಮೊದಲು ಗಿಡದ ಗುರುತು ಹಿಡಿಯೋಣ. ನಮ್ಮ ಕಡೆ 'ಪೈನ್' ಎಂದು ಕರೆಸಿಕೊಳ್ಳುವ ಮರಗಳು ಮೂರು ಬಗೆಯವು.

ಒಂದು, ನಿಜವಾದ ಪೈನ್. ಇದರ ಎಲೆಗಳು ಉದ್ದನೆಯ ಸೂಜಿಗಳು, ಬುಡದಲ್ಲಿ ಕಟ್ಟುಕಟ್ಟಾಗಿ ಸೇರಿಕೊಂಡಿರುತ್ತವೆ. ಹಿಮಾಲಯದ ಚೀರ್ ಪೈನಿನಲ್ಲಿ ಕಟ್ಟಿಗೆ ಮೂರು ಸೂಜಿ, ಅದಕ್ಕಿಂತ ಎತ್ತರದಲ್ಲಿ ಬೆಳೆಯುವ ನೀಲಿ ಪೈನಿನಲ್ಲಿ ಐದು. ಭಾರತದಲ್ಲಿ ಪೈನ್ ಸಹಜವಾಗಿ ಬೆಳೆಯುವುದು ಹಿಮಾಲಯದಲ್ಲಿ ಮತ್ತು ಈಶಾನ್ಯದ ಬೆಟ್ಟಗಳಲ್ಲಿ. ಕೊಡೈಕಾನಲ್, ಊಟಿಗಳಲ್ಲಿ ಪ್ರವಾಸಿಗರು ನೋಡುವ ಪೈನ್ ತೋಪುಗಳು ಮನುಷ್ಯ ನೆಟ್ಟವು. ದಕ್ಷಿಣ ಭಾರತದ ಕಾಡಿಗೆ ಸಹಜವಾದ ಸೂಚಿಪರ್ಣಿ ಬಳಗದ ಮರ ಪಶ್ಚಿಮ ಘಟ್ಟದ ದಕ್ಷಿಣ ಭಾಗದಲ್ಲಿರುವ, ಹಿಂದೆ ಪೋಡೊಕಾರ್ಪಸ್ ಎಂದು ಕರೆಯುತ್ತಿದ್ದ ಒಂದು ಜಾತಿ ಮಾತ್ರ. ತಮಾಷೆಯೆಂದರೆ ಅದರ ಎಲೆ ಸೂಜಿಯಂತಿಲ್ಲ, ಅಗಲವಾಗಿದೆ.

ಎರಡನೆಯದು ಅರಕೇರಿಯಾ. ನರ್ಸರಿಯಿಂದ ಡಿಸೆಂಬರಿನಲ್ಲಿ ಮನೆಗೆ ಬರುವುದು ಸಾಮಾನ್ಯವಾಗಿ ಇದೇ. ಕಾಂಡದ ಸುತ್ತ ಒಂದೇ ಮಟ್ಟದಲ್ಲಿ ಕೊಂಬೆಗಳ ಚಕ್ರ, ಒಂದಿಷ್ಟು ಅಂತರ ಬಿಟ್ಟು ಮತ್ತೊಂದು ಚಕ್ರ. ಕೊಂಬೆಯ ತುಂಬ ಮೆತ್ತನೆಯ ಪುಟ್ಟ ಮುಳ್ಳಿನಂತಹ ಎಲೆಗಳು. ಇದರ ತವರು ಶಾಂತಸಾಗರದ ನಾರ್ಫೋಕ್ ದ್ವೀಪ ಮತ್ತು ನ್ಯೂ ಕ್ಯಾಲೆಡೋನಿಯಾ. ಕ್ಯಾಪ್ಟನ್ ಜೇಮ್ಸ್ ಕುಕ್ 1774ರಲ್ಲಿ ಆ ದ್ವೀಪಗಳಿಗೆ ಹೋದಾಗ ಈ ನೆಟ್ಟನೆಯ ಮರಗಳನ್ನು ಕಂಡು, ಹಡಗಿನ ಪಟಸ್ತಂಭಕ್ಕೆ ಒದಗಿಯಾವೆಂದು ಲೆಕ್ಕ ಹಾಕಿದ್ದ. ಬೆಂಗಳೂರಿನ ಲಾಲ್‌ಬಾಗಿಗೆ ಹೋದವರು ಇದರ ಮುಗಿಲೆತ್ತರದ ಅಣ್ಣಂದಿರನ್ನು ನೋಡಿರುತ್ತಾರೆ.

ಮೂರನೆಯದು ಸರ್ವೆ ಅಥವಾ ಗಾಳಿಮರ. ಇದು ಪೈನ್ ಬಳಗಕ್ಕೆ ಸೇರಿದ್ದೇ ಅಲ್ಲ, ಹೂ ಬಿಡುವ ಸಸ್ಯಗಳ ಗುಂಪಿನದು. ಅದರ 'ಸೂಜಿ'ಯನ್ನು ಎರಡೂ ಕೈಯಿಂದ ಮೆಲ್ಲನೆ ಎಳೆಯಿರಿ. ರೈಲಿನ ಡಬ್ಬಿ ಕಳಚಿದಂತೆ ಗೆಣ್ಣುಗೆಣ್ಣಾಗಿ ಬಿಡಿಸಿಕೊಳ್ಳುತ್ತದೆ. ಅದು ಎಲೆಯಲ್ಲ, ಹಸಿರು ಕಡ್ಡಿ. ನಿಜವಾದ ಎಲೆಗಳು ಗೆಣ್ಣಿನ ಬಳಿ ಚಿಕ್ಕ ಹಲ್ಲುಗಳಂತೆ ಇರುತ್ತವೆ.

ನಿಜವಾದ ಪೈನಿಗೆ ಬಟಾಬಯಲಿನ ಬಿಸಿಲೇ ಬೇಕು. ಅರಕೇರಿಯಾ ಎಳೆತನದಲ್ಲಿ ತುಸು ನೆರಳನ್ನು ಸಹಿಸುತ್ತದೆ. ಆದರೆ ಸಹಿಸುವುದು ಬೇರೆ, ಸುಖವಾಗಿರುವುದು ಬೇರೆ.

ಕಣ್ಣು ಹೇಳುವ ಸುಳ್ಳು

"ನಮ್ಮ ಪಡಸಾಲೆಯಲ್ಲಿ ಸಾಕಷ್ಟು ಬೆಳಕಿದೆಯಲ್ಲ" ಎಂದು ಯಾರಾದರೂ ಕೇಳಬಹುದು. ಬೆಳಕಿದೆ, ಆದರೆ ಅದು ನಮ್ಮ ಕಣ್ಣಿಗೆ ಸಾಕಾಗುವ ಬೆಳಕು. ಕತ್ತಲಾದಂತೆ ಕಣ್ಣಿನ ಪಾಪೆ ಹಿಗ್ಗುತ್ತದೆ, ಒಳಗಿನ ಅಕ್ಷಿಪಟಲ ಹೆಚ್ಚು ಸೂಕ್ಷ್ಮವಾಗುತ್ತದೆ. ಹೀಗಾಗಿ ನೂರು ಪಟ್ಟು ಕಡಿಮೆ ಬೆಳಕೂ ನಮಗೆ 'ಸ್ವಲ್ಪ ಕಡಿಮೆ' ಎನಿಸುತ್ತದೆ ಅಷ್ಟೆ.

ಬೆಳಕನ್ನು ಅಳೆಯುವ ಮಾನವೊಂದಿದೆ, ಅದಕ್ಕೆ ಲಕ್ಸ್ ಎನ್ನುತ್ತಾರೆ. ನಡು ಮಧ್ಯಾಹ್ನದ ನೇರ ಬಿಸಿಲಿನಲ್ಲಿ ಸುಮಾರು 1,00,000 ಲಕ್ಸ್ ಬೆಳಕು. ಅದೇ ಹೊತ್ತಿನಲ್ಲಿ ಹೊರಗಿನ ತೆರೆದ ನೆರಳಿನಲ್ಲಿ ಸುಮಾರು 10,000. ಕಿಟಕಿಗೆ ಒತ್ತಿಕೊಂಡ ಜಾಗದಲ್ಲಿ ಒಂದೆರಡು ಸಾವಿರ. ಕೋಣೆಯ ಮೂಲೆಯಲ್ಲಿ ಬಹಳವಾದರೆ ನೂರಿನ್ನೂರು. ಅಂಗಳದಿಂದ ಪಡಸಾಲೆಯ ಮೂಲೆಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯಲ್ಲಿ ಗಿಡದ ತಟ್ಟೆಯ ಊಟ ಐನೂರರಲ್ಲಿ ಒಂದು ಪಾಲಿಗೆ ಇಳಿಯಿತು.

ಎಲೆಯೊಳಗೆ ಎರಡು ಕೆಲಸ ನಡೆಯುತ್ತಿರುತ್ತವೆ. ಬೆಳಕಿದ್ದಾಗ ಪತ್ರಹರಿತ್ತು ದ್ಯುತಿಸಂಶ್ಲೇಷಣೆಯಿಂದ ಸಕ್ಕರೆ ತಯಾರಿಸುತ್ತದೆ, ಇದು ಜಮಾ. ಹಗಲೂ ರಾತ್ರಿಯೂ ಗಿಡ ಉಸಿರಾಡುತ್ತ ಆ ಸಕ್ಕರೆಯನ್ನು ಬಳಸುತ್ತದೆ, ಇದು ಖರ್ಚು. ಒಂದು ಮಟ್ಟದ ಬೆಳಕಿನಲ್ಲಿ ಜಮಾ-ಖರ್ಚು ಸರಿಸಮವಾಗುತ್ತವೆ. ಬೆಳಕು ಅದಕ್ಕಿಂತ ಕೆಳಗಿಳಿದರೆ ಗಿಡ ಕೂಡಿಟ್ಟ ಗಂಟನ್ನು ಕರಗಿಸಿ ಬದುಕಬೇಕು.

ಇಲ್ಲಿಯೇ ಮೋಸವಾಗುವುದು. ನರ್ಸರಿಯ ಬಿಸಿಲಿನಲ್ಲಿ ಬೆಳೆದ ಗಿಡದ ಬಳಿ ಗಂಟು ದೊಡ್ಡದಿರುತ್ತದೆ. ಸೂಚಿಪರ್ಣಿಗಳ ಎಲೆಗಳೂ ಗಟ್ಟಿಮುಟ್ಟು. ತಣ್ಣನೆಯ ದೇಶಗಳಲ್ಲಿ ಬುಡದಿಂದ ಕಡಿದು ತಂದ ಕ್ರಿಸ್‌ಮಸ್ ಮರ ಕೂಡ ವಾರಗಟ್ಟಲೆ ಹಸಿರಾಗಿಯೇ ನಿಂತಿರುತ್ತದೆ. ಹಾಗಾಗಿ ಡಿಸೆಂಬರಿನಲ್ಲಿ ಶುರುವಾದ ಉಪವಾಸ ನಮಗೆ ಗೊತ್ತಾಗುವುದು ಮಾರ್ಚಿನಲ್ಲಿ. ಆಗ ಗಿಡ ಬಡತನ ಬಂದ ಮನೆಯಂತೆ ನಡೆದುಕೊಳ್ಳುತ್ತದೆ. ತುದಿಯ ಚಿಗುರನ್ನು ಉಳಿಸಿಕೊಳ್ಳಲು ಕೆಳಗಿನ ಕೊಂಬೆಗಳನ್ನು ಕೈಬಿಡುತ್ತದೆ. ಬೆಳಕು ಕಡಿಮೆಯಾದಾಗ ಬೇರು ನೀರು ಕುಡಿಯುವುದೂ ಕಡಿಮೆ. ಆಗ ಹಾಕಿದ ಹೆಚ್ಚಿನ ನೀರು ಮಣ್ಣಿನಲ್ಲಿ ನಿಂತು ಬೇರನ್ನು ಕೊಳೆಸುತ್ತದೆ. ಮಗುವಿನ ಎರಡನೆಯ ತಂಬಿಗೆ ಮಾಡಿದ ಕೆಲಸ ಇದು.

ಕೋಟೆಯ ಗೋಡೆ ಕಲಿಸುವ ಪಾಠ

ಹಾಗಾದರೆ ಗಿಡವನ್ನು ಎಲ್ಲಿಡಬೇಕು? ವಿದೇಶದ ತೋಟಗಾರಿಕೆ ಪುಸ್ತಕಗಳಲ್ಲಿ ಸಿದ್ಧ ಉತ್ತರವಿದೆ: ದಕ್ಷಿಣದ ಕಿಟಕಿಯ ಬಳಿ ಇಡಿ. ಇಂಗ್ಲೆಂಡಿನಲ್ಲಿ ಈ ಮಾತು ವರ್ಷವಿಡೀ ಸರಿ, ಏಕೆಂದರೆ ಅಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣಕ್ಕೇ ಇರುತ್ತಾನೆ. ಬೆಳಗಾವಿಯಲ್ಲಿ ಹಾಗಿಲ್ಲ.

ಇದನ್ನು ನೋಡಬೇಕಾದರೆ ಬೆಳಗಾವಿಯ ಕೋಟೆಗೆ ಹೋಗಬಹುದು. ಒಳಗಿರುವ ಕಮಲ ಬಸದಿ 1204ರಲ್ಲಿ, ರಟ್ಟರ ಕಾಲದಲ್ಲಿ ಕಟ್ಟಿದ್ದು. ಅಂದಿನಿಂದ ಇಂದಿನವರೆಗೆ ಅಲ್ಲಿನ ಕಲ್ಲುಗಳ ನೆರಳು ವರ್ಷಕ್ಕೊಮ್ಮೆ ಉತ್ತರದಿಂದ ದಕ್ಷಿಣಕ್ಕೆ ಹೋಗಿ ಮತ್ತೆ ಉತ್ತರಕ್ಕೆ ಮರಳುತ್ತಲೇ ಇದೆ. ಪೂರ್ವ-ಪಶ್ಚಿಮವಾಗಿ ಚಾಚಿದ ಗೋಡೆಯೊಂದರ ಪಕ್ಕದಲ್ಲಿ ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ನಿಂತು ನೋಡಿ. ಗಡಿಯಾರದ ಹನ್ನೆರಡಕ್ಕಲ್ಲ, ನಮ್ಮ ಗಡಿಯಾರ ಪೂರ್ವದ 82½ ಡಿಗ್ರಿ ರೇಖಾಂಶದ್ದು, ಬೆಳಗಾವಿ ಇರುವುದು ಸುಮಾರು 74½ ಡಿಗ್ರಿಯಲ್ಲಿ. ಹಾಗಾಗಿ ಸೂರ್ಯ ಇಲ್ಲಿ ನೆತ್ತಿಯ ಗೆರೆಗೆ ಬರುವುದು ಅರ್ಧ ಗಂಟೆ ತಡ.

ಡಿಸೆಂಬರ್ 21ರ ಸುಮಾರಿಗೆ ಆ ಹೊತ್ತಿನಲ್ಲಿ ಸೂರ್ಯ ದಕ್ಷಿಣದಲ್ಲಿ, ದಿಗಂತದಿಂದ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ. ಹತ್ತು ಅಡಿ ಎತ್ತರದ ಗೋಡೆಯ ನೆರಳು ಉತ್ತರಕ್ಕೆ ಎಂಟು ಅಡಿ ಚಾಚುತ್ತದೆ. ಮಾರ್ಚಿನಲ್ಲಿ ಆ ನೆರಳು ಮೂರು ಅಡಿಯೊಳಗೆ ಕುಗ್ಗುತ್ತದೆ. ಮೇ 3-4ರ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಗೋಡೆಗೆ ನೆರಳೇ ಇರುವುದಿಲ್ಲ. ಅಲ್ಲಿಂದ ಮುಂದೆ ಅವನು ಉತ್ತರಕ್ಕೆ ದಾಟುತ್ತಾನೆ. ಜೂನ್ 21ರಂದು ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಒಂದೂಕಾಲು ಅಡಿಯಷ್ಟು ಬೀಳಬೇಕು, ಮೋಡ ಬಿಟ್ಟುಕೊಟ್ಟರೆ! ಆಗಸ್ಟ್ 9ರ ಸುಮಾರಿಗೆ ಮತ್ತೆ ನೆತ್ತಿಯನ್ನು ದಾಟಿ ಅವನು ದಕ್ಷಿಣಕ್ಕೆ ಮರಳುತ್ತಾನೆ. ಖಾನಾಪುರ ತುಸು ದಕ್ಷಿಣಕ್ಕಿರುವುದರಿಂದ ಅಲ್ಲಿ ಈ ದಿನಗಳಲ್ಲಿ ಒಂದು ದಿನದಷ್ಟು ವ್ಯತ್ಯಾಸ.

ಎಂದರೆ ವರ್ಷದಲ್ಲಿ ಮೂರು ತಿಂಗಳಿಗೂ ತುಸು ಹೆಚ್ಚು ಕಾಲ ನಮ್ಮ ಮಧ್ಯಾಹ್ನದ ಸೂರ್ಯ ಉತ್ತರದವನು. ಡಿಸೆಂಬರಿನಲ್ಲಿ ಬಿಸಿಲು ತುಂಬಿದ ದಕ್ಷಿಣದ ವರಾಂಡದೊಳಗೆ ಜೂನಿನ ಮಧ್ಯಾಹ್ನ ನೇರ ಕಿರಣ ಬರುವುದಿಲ್ಲ. ಕುಂಡವನ್ನು ಒಂದೇ ಕಡೆ ಇಟ್ಟು ಮರೆತರೆ ಗಿಡಕ್ಕೆ ವರ್ಷದ ಒಂದು ಪಾಲು ಉಪವಾಸ ತಪ್ಪಿದ್ದಲ್ಲ.

ಉದ್ದದ ಹಗಲು, ಕಡಿಮೆ ಬೆಳಕು

ಎರಡನೆಯ ತೊಡಕು ಮೋಡದ್ದು. ಶಿಮ್ಲಾದಲ್ಲಿ ಜೂನಿನ ಹಗಲು 14 ಗಂಟೆಗೂ ಹೆಚ್ಚು, ಡಿಸೆಂಬರಿನದು ಹತ್ತು ಗಂಟೆಯಷ್ಟು. ಬೆಳಗಾವಿಯಲ್ಲಿ ಅತಿ ಉದ್ದದ ಹಗಲು ಸುಮಾರು 13 ಗಂಟೆ, ಅತಿ ಚಿಕ್ಕದು ಸುಮಾರು 11 ಗಂಟೆ 10 ನಿಮಿಷ. ಎರಡು ಗಂಟೆಯೂ ವ್ಯತ್ಯಾಸವಿಲ್ಲ. ಲೆಕ್ಕಕ್ಕೆ ಜೂನ್-ಜುಲೈ ನಮ್ಮ ಉದ್ದದ ಹಗಲಿನ ಕಾಲ. ಆದರೆ ಮೃಗಶಿರಾ ಮಳೆ ಹಿಡಿಯಿತೆಂದರೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾಗಳವರೆಗೆ ಬೆಳಗಾವಿಯ ಆಕಾಶ ಬೂದುಬಣ್ಣದ ಕಂಬಳಿ. ಖಾನಾಪುರದ ಕಡೆ ಆ ಕಂಬಳಿ ಇನ್ನೂ ದಪ್ಪ. ಜಾಂಬೋಟಿ, ಕಣಕುಂಬಿಗಳ ಕಡೆಗಂತೂ ಹಗಲಿನಲ್ಲೂ ದೀಪ ಹಚ್ಚುವ ದಿನಗಳಿರುತ್ತವೆ. ಗಿಡದ ಪಾಲಿಗೆ ನಮ್ಮ ಬೆಳಕಿನ ಸುಗ್ಗಿ ಫೆಬ್ರವರಿಯಿಂದ ಮೇ ತಿಂಗಳವರೆಗೆ, ಬರಗಾಲ ಜೂನಿನಿಂದ ಸೆಪ್ಟೆಂಬರಿನವರೆಗೆ.

ಹಿಮಾಲಯದ ಪೈನಿಗೂ ಬೆಳಕು ಕಡಿಮೆಯಾಗುವ ಕಾಲವಿದೆ, ಅದು ಚಳಿಗಾಲ. ಆದರೆ ಆಗ ಚಳಿಯೂ ಇರುವುದರಿಂದ ಗಿಡದ ಉಸಿರಾಟ ನಿಧಾನವಾಗುತ್ತದೆ. ಜಮಾ ಕಡಿಮೆ, ಖರ್ಚೂ ಕಡಿಮೆ. ಗಿಡ ನಿದ್ದೆ ಮಾಡಿ ಕಾಲ ಕಳೆಯುತ್ತದೆ. ನಮ್ಮ ಮಳೆಗಾಲದಲ್ಲಿ ಬೆಳಕು ಇಳಿದರೂ ಬೆಚ್ಚಗಿನ ಹವೆ ಇಳಿಯುವುದಿಲ್ಲ. ಜಮಾ ಕಡಿಮೆಯಾಯಿತು, ಖರ್ಚು ಹಾಗೇ ಉಳಿಯಿತು. ಇಂತಹ ಹೊತ್ತಿನಲ್ಲೇ "ಮಳೆಯಲ್ಲಿ ಗಿಡ ಹಾಳಾದೀತು" ಎಂಬ ಕಾಳಜಿಯಿಂದ ಕುಂಡವನ್ನು ಒಳಗೆ ತರುತ್ತೇವೆ. ಸೂಚಿಪರ್ಣಿಯ ಮಟ್ಟಿಗೆ ವರ್ಷದಲ್ಲಿ ಮಾಡಬಾರದ ಕೆಲಸವೆಂದರೆ ಇದೊಂದೇ.

ವರ್ಷದ ಲೆಕ್ಕ

ಡಿಸೆಂಬರ್, ಜನವರಿ: ಹಬ್ಬಕ್ಕೆ ಒಳಗೆ ತಂದರೆ ಎಂಟು ಹತ್ತು ದಿನ ಸಾಕು. ಆಮೇಲೆ ಮನೆಯ ದಕ್ಷಿಣ ದಿಕ್ಕಿನ ತೆರೆದ ಜಾಗಕ್ಕೆ ಒಯ್ಯಬೇಕು. ಕಾಂಪೌಂಡ್ ಗೋಡೆಯ ಉತ್ತರದ ಮಗ್ಗುಲಲ್ಲಿ ಇಡಬಾರದು. ಗೋಡೆಯ ನೆರಳು ಈಗ ಉದ್ದವಾಗಿರುತ್ತದೆ.

ಫೆಬ್ರವರಿಯಿಂದ ಮೇ: ಬೆಳಕಿನ ಸುಗ್ಗಿ. ಅರಕೇರಿಯಾ ಗಿಡಕ್ಕೆ ಬೆಳಗಿನ ಬಿಸಿಲು ಪೂರ್ತಿ ಸಿಗಲಿ, ಏಪ್ರಿಲ್-ಮೇ ತಿಂಗಳ ಇಳಿಹೊತ್ತಿನ ಪಶ್ಚಿಮದ ಬಿಸಿಲಿಗೆ ಮರೆ ಇರಲಿ. ನಿಜವಾದ ಪೈನಾದರೆ ಗಿಡಕ್ಕೆ ಮರೆ ಬೇಡ, ಕುಂಡಕ್ಕೆ ಬೇಕು. ಕಾದ ಕುಂಡದಲ್ಲಿ ಬೇರು ಬೇಯುತ್ತದೆ. ಪ್ಲಾಸ್ಟಿಕ್ ಡಬ್ಬಿಗಿಂತ ಮಣ್ಣಿನ ಕುಂಡ ಲೇಸು. ಕುಂಬಾರಿಕೆಗೆ ಹೆಸರಾದ ಖಾನಾಪುರ ಹತ್ತಿರವಿರುವಾಗ ಇದಕ್ಕೆ ಕೊರತೆಯಿಲ್ಲ. ಸುಟ್ಟ ಮಣ್ಣಿನ ಗೋಡೆಯಿಂದ ನೀರು ಜಿನುಗಿ ಆರುವಾಗ ಬೇರಿಗೆ ತಂಪೂ ಸಿಗುತ್ತದೆ, ಗಾಳಿಯೂ ಸಿಗುತ್ತದೆ.

ಜೂನಿನಿಂದ ಸೆಪ್ಟೆಂಬರ್: ಕುಂಡ ಹೊರಗೇ ಇರಲಿ. ಆಕಾಶ ಹೆಚ್ಚು ಕಾಣುವ ಜಾಗ ಹುಡುಕಿ. ಮೋಡದ ದಿನ ಬೆಳಕು ಒಂದು ದಿಕ್ಕಿನಿಂದಲ್ಲ, ಇಡೀ ಆಕಾಶದಿಂದ ಬರುತ್ತದೆ. ಉತ್ತರ ಅಥವಾ ಪೂರ್ವದ ಅಂಗಳವಾದರೂ ಸರಿಯೇ. ಕುಂಡದ ಕೆಳಗೆ ಎರಡು ಇಟ್ಟಿಗೆ ಇಟ್ಟರೆ ನೀರು ಬಸಿದುಹೋಗುತ್ತದೆ. ಖಾನಾಪುರದ ಕಡೆಯ ಬಿರುಮಳೆಗೆ ಮರೆ ಬೇಕೆಂದಾದರೆ ಪಾರದರ್ಶಕ ತಗಡು ಹೊದಿಸಬಹುದು, ಸತುವಿನ ತಗಡು ಬೇಡ.

ಅಕ್ಟೋಬರ್, ನವೆಂಬರ್: ಮಳೆಗಾಲದ ಮಬ್ಬಿನಲ್ಲಿ ಮೂಡಿದ ಎಲೆ ಎಳೆಯದು. ಮೋಡ ಸರಿದು ಚಿತ್ತಾ ಬಿಸಿಲು ಒಮ್ಮೆಲೇ ಬಿದ್ದರೆ ಸುಟ್ಟು ಕಂದಾಗುತ್ತದೆ. ಮೊದಲು ಬೆಳಗಿನ ಎರಡು ತಾಸು, ಆಮೇಲೆ ನಾಲ್ಕು, ಹೀಗೆ ಎರಡು ವಾರದಲ್ಲಿ ಪೂರ್ತಿ ಬಿಸಿಲಿಗೆ ರೂಢಿ ಮಾಡಿಸಬೇಕು. ಮನೆಯೊಳಗೆ ಬಹುಕಾಲ ಇದ್ದ ಗಿಡವನ್ನು ಹೊರಗೆ ತರುವಾಗಲೂ ಇದೇ ಕ್ರಮ.

ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸುವುದನ್ನು ಮರೆಯಬಾರದು. ದೀಪದ ಬೆಳಕು ಸಾಲದೇ ಎಂದರೆ, 9 ವಾಟ್‌ನ ಎಲ್‌ಇಡಿ ಬಲ್ಬು ಒಂದು ಅಡಿ ಹತ್ತಿರವಿದ್ದರೂ ಕೊಡುವುದು ಸಾವಿರ, ಸಾವಿರದೈನೂರು ಲಕ್ಸ್. ಅಂಗಳದ ನೆರಳೇ ಅದಕ್ಕಿಂತ ಎಷ್ಟೋ ಪಟ್ಟು ಶ್ರೀಮಂತ.

ಬಾಗುವ ಮರಗಳು

ಕುಂಡ ತಿರುಗಿಸುವುದು ಏಕೆ? ಕಾಂಡದ ತುದಿ ಬೆಳಕಿನ ಕಡೆ ಬಾಗುತ್ತದೆ. ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸ್ ಜೊತೆ ಹುಲ್ಲಿನ ಮೊಳಕೆಗಳ ಮೇಲೆ ಪ್ರಯೋಗ ಮಾಡಿ, ಬೆಳಕನ್ನು ಗ್ರಹಿಸುವುದು ಮೊಳಕೆಯ ತುದಿ ಎಂದು 1880ರಲ್ಲಿ ಬರೆದಿದ್ದ. ತುದಿಗೆ ಟೊಪ್ಪಿಗೆ ಹಾಕಿದರೆ ಮೊಳಕೆ ಬಾಗುತ್ತಿರಲಿಲ್ಲ.

ಅರಕೇರಿಯಾದ ವಿಷಯದಲ್ಲಿ ಇನ್ನೊಂದು ಸೋಜಿಗವಿದೆ. ಕುಕ್‌ನ ಹೆಸರು ಹೊತ್ತ 'ಕುಕ್ ಪೈನ್' ಎಂಬ ಅರಕೇರಿಯಾ ಜಾತಿಯ 256 ಮರಗಳನ್ನು ಐದು ಖಂಡಗಳ 18 ಪ್ರದೇಶಗಳಲ್ಲಿ ಅಳೆದ ವಿಜ್ಞಾನಿಗಳು 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಮರಗಳು ಸರಾಸರಿ ಎಂಟೂವರೆ ಡಿಗ್ರಿಯಷ್ಟು ವಾಲಿದ್ದವು. ಉತ್ತರ ಗೋಲಾರ್ಧದಲ್ಲಿ ದಕ್ಷಿಣಕ್ಕೆ, ದಕ್ಷಿಣ ಗೋಲಾರ್ಧದಲ್ಲಿ ಉತ್ತರಕ್ಕೆ. ಎಂದರೆ ಎಲ್ಲಿದ್ದರೂ ಭೂಮಧ್ಯರೇಖೆಯ ಕಡೆಗೆ. ರೇಖೆಯಿಂದ ದೂರ ಹೋದಷ್ಟೂ ವಾಲು ಹೆಚ್ಚು. ಸೂರ್ಯನ ಬೆಳಕಿನ ಕೋನವೇ ಕಾರಣವಿರಬಹುದೆಂಬ ಊಹೆಯನ್ನು ಅವರು ಮುಂದಿಟ್ಟಿದ್ದಾರೆ, ಅದಿನ್ನೂ ಸಿದ್ಧಪಟ್ಟಿಲ್ಲ. ನಿಮ್ಮ ಊರಿನ ಚರ್ಚಿನ ಆವರಣದಲ್ಲೋ ಹಳೆಯ ಬಂಗಲೆಯ ಮುಂದೆಯೋ ಇಂತಹ ಎತ್ತರದ ಮರವಿದ್ದರೆ, ದಾರಕ್ಕೆ ಕಲ್ಲು ಕಟ್ಟಿ ಕಣ್ಣೆದುರು ಹಿಡಿದು, ಕಾಂಡ ಯಾವ ದಿಕ್ಕಿಗೆ ವಾಲಿದೆ ನೋಡಿ.

ಮಾಡಿ ನೋಡಿ

ಎರಡು ಸಣ್ಣ ಪ್ರಯೋಗಗಳಿಗೆ ದುಡ್ಡು ಬೇಡ. ಒಂದು ಮೀಟರ್ ಉದ್ದದ ಕೋಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ, ತಿಂಗಳಿಗೊಮ್ಮೆ ಮಧ್ಯಾಹ್ನದ ಅತಿ ಚಿಕ್ಕ ನೆರಳನ್ನು ಅಳೆದು ಬರೆಯಿರಿ. ಡಿಸೆಂಬರ್ 21ಕ್ಕೆ ಉತ್ತರಕ್ಕೆ 82 ಸೆಂ.ಮೀ., ಮಾರ್ಚ್ 21ಕ್ಕೆ 28 ಸೆಂ.ಮೀ. ಆಸುಪಾಸು ಬರಬೇಕು. ಮೇ 3-4ಕ್ಕೆ ಶೂನ್ಯ. ಜೂನಿನಲ್ಲಿ ಮೋಡದ ಸಂದು ಸಿಕ್ಕರೆ ದಕ್ಷಿಣಕ್ಕೆ 13 ಸೆಂ.ಮೀ.

ಎರಡನೆಯದು, ಗಿಡ ಇಡಬೇಕೆಂದಿರುವ ಜಾಗದಲ್ಲಿ ಮಧ್ಯಾಹ್ನ ಬಿಳಿ ಹಾಳೆ ಹಾಸಿ, ಒಂದು ಅಡಿ ಮೇಲೆ ಅಂಗೈ ಹಿಡಿಯಿರಿ. ಬೆರಳುಗಳು ಎಣಿಸುವಷ್ಟು ಸ್ಪಷ್ಟವಾದ ನೆರಳು ಬಿದ್ದರೆ ಬೆಳಕು ಚೆನ್ನಾಗಿದೆ. ಮಸುಕಾದ ಅಂಗೈ ಕಂಡರೆ ಅರಕೇರಿಯಾ ಕೆಲವು ವಾರ ತಾಳಿಕೊಳ್ಳುತ್ತದೆ. ನೆರಳೇ ಬೀಳದಿದ್ದರೆ ಆ ಜಾಗ ಟೀವಿಗೆ ಸರಿ, ಗಿಡಕ್ಕಲ್ಲ.

ಪಾಲಕರಿಗೆ ಕೊನೆಯ ಮಾತೊಂದಿದೆ. ದಾಸವಾಳದ ಕೊಂಬೆ ಒಣಗಿದರೆ ಪಕ್ಕದಲ್ಲಿ ಹೊಸದು ಒಡೆಯುತ್ತದೆ. ಅರಕೇರಿಯಾಕ್ಕೆ ಆ ಸೌಲಭ್ಯವಿಲ್ಲ. ಒಮ್ಮೆ ಉದುರಿದ ಕೆಳಗಿನ ಚಕ್ರ ಮತ್ತೆ ಬರುವುದಿಲ್ಲ. ಮುಂದೆ ಎಷ್ಟೇ ಬಿಸಿಲು ಕೊಟ್ಟರೂ ಆ ಜಾಗ ಬೋಳಾಗಿಯೇ ಉಳಿಯುತ್ತದೆ. ಹಾಗಾಗಿ ಗಿಡ ಬಾಡಿದ ಮೇಲೆ ತಪ್ಪು ಯಾರದೆಂದು ಹುಡುಕುವುದಕ್ಕಿಂತ, ಹಸಿರಾಗಿರುವಾಗಲೇ ಅದನ್ನು ಅಂಗಳಕ್ಕೆ ಸಾಗಿಸುವುದು ಒಳ್ಳೆಯದು. ನೀರಿನ ತಂಬಿಗೆ ಮಗುವಿನ ಕೈಯಲ್ಲಿರಲಿ. ತುಂಬಿದ ಕುಂಡ ಭಾರ, ಅದನ್ನು ಎತ್ತಿ ಬಿಸಿಲಿಗೆ ಇಡುವ ಕೆಲಸ ಮಾತ್ರ ದೊಡ್ಡವರದು.